ಬೇಳೆ ಆರಿಸುವಾಕೆಯನ್ನು ಫೇಲು ಮಾಡಿದವರಿಗೆ

ನಮ್ಮ ಸಭೆಗಳ ಕೇಂದ್ರ ಕಚೇರಿಯ ಆತ್ಮಿಕ ಮಾರ್ಗದರ್ಶನ ವಿಭಾಗದ ನಿರ್ದೇಶಕರಿಗೆ,
ಕೊಂಡಾಪುರ, ಹೈದರಾಬಾದ್.

ಮಾನ್ಯರೇ,

ಕಳೆದ ಜುಲೈಯಲ್ಲಿ ತಾವು ನನಗೆ ದಯಪಾಲಿಸಿದ ‘ಅಧಿಕೃತ ಆತ್ಮಿಕ ಮಾರ್ಗದರ್ಶಕ’ ಎಂಬ ಪ್ರಮಾಣಪತ್ರವನ್ನು ಈ ಪತ್ರದ ಜೊತೆಗೇ ವಾಪಸು ಕಳಿಸುತ್ತಿದ್ದೇನೆ. ಬ್ಯಾಡ್ಜನ್ನೂ ಇಟ್ಟಿದ್ದೇನೆ. ಅದರ ದಾರ ಸ್ವಲ್ಪ ಮಾಸಿದೆ, ಏಕೆಂದರೆ ಎರಡು ತಿಂಗಳು ಅದನ್ನು ತರಕಾರಿ ತರಲು ಹೋಗುವಾಗಲೂ ಕೊರಳಿಗೆ ಹಾಕಿಕೊಂಡಿದ್ದೆ. ವಾಪಸು ಮಾಡುವ ಕಾರಣ ಸರಳ. ಪಾಸು ಮಾಡಬೇಕಾದವರನ್ನು ತಾವು ಫೇಲು ಮಾಡಿ, ಫೇಲು ಮಾಡಬೇಕಾದವನನ್ನು ಪ್ರಥಮ ದರ್ಜೆಯಲ್ಲಿ ಪಾಸು ಮಾಡಿದ್ದೀರಿ. ಆ ಎರಡನೆಯವನು ನಾನೇ. ಈ ಅದಲುಬದಲಿನಿಂದಾಗಿ ಒಬ್ಬ ಮನುಷ್ಯ ತನ್ನ ಎದೆಯಲ್ಲಿದ್ದುದನ್ನು ಅರ್ಧ ಹೇಳಿ, ಉಳಿದರ್ಧವನ್ನು ಹೊತ್ತುಕೊಂಡು ತಿರುಗುತ್ತಿದ್ದಾನೆ. ಅಕ್ಟೋಬರ್ ಎರಡನೇ ಭಾನುವಾರ ಕಳೆದರೆ ಅವನು ಈ ಊರಿನಲ್ಲೇ ಇರುವುದಿಲ್ಲ.

ಈ ವಿಷಯವಾಗಿ ತಮಗೆ ಮೂರು ಪತ್ರ ಬರೆದೆ. ಮೂರಕ್ಕೂ ತಮ್ಮ ಕಂಪ್ಯೂಟರು ‘ಸ್ವೀಕರಿಸಲಾಗಿದೆ, ಧನ್ಯವಾದಗಳು’ ಎಂದು ಒಂದೇ ನಿಮಿಷದಲ್ಲಿ ಉತ್ತರ ಕೊಟ್ಟಿತು. ಇಷ್ಟು ಚುರುಕಾದ ಉತ್ತರ ನನ್ನ ಸ್ವಂತ ತಮ್ಮನಿಂದಲೂ ನನಗೆ ಬಂದದ್ದಿಲ್ಲ. ಆದರೂ ಈ ಸಲ ಮನುಷ್ಯರು ಓದಲಿ ಎಂದು ನಮ್ಮ ಕನ್ನಡ ಕ್ರೈಸ್ತ ಸಭೆಯ ಮಾಸಪತ್ರಿಕೆಗೆ ಕೊಟ್ಟಿದ್ದೇನೆ.

ನಾನು ಯಾರೆಂದು ಹೇಳಬೇಕಲ್ಲ. ಹೇಳುವುದೆಂದರೆ ನನಗೆ ಬೇಸರವೇ ಇಲ್ಲ. ಭಾಲ್ಕಿ ತಾಲ್ಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದ್ದೇನೆ. ನಾಲ್ಕು ತರಗತಿಗೆ ಒಬ್ಬರೇ ಮಾಸ್ತರರು, ಅವರು ಇಲ್ಲದ ದಿನ ಪಾಠ ಹೇಳುತ್ತಿದ್ದವನು ನಾನು. ಸನತ್‌ನಗರದ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ಲೇತ್ ಯಂತ್ರದ ಮುಂದೆ ನಿಂತವನು. ಕೂದಲೆಳೆಯಷ್ಟು ವ್ಯತ್ಯಾಸವನ್ನು ಬೆರಳಿನಲ್ಲೇ ಹೇಳುತ್ತಿದ್ದೆ, ಇಂಜಿನಿಯರುಗಳು ಆಮೇಲೆ ಅಳೆದು ನೋಡಿ ತಲೆಯಾಡಿಸುತ್ತಿದ್ದರು. ಕನ್ನಡ, ತೆಲುಗು, ಉರ್ದು, ಮರಾಠಿ ನಾಲ್ಕರಲ್ಲೂ ಜಗಳ ಗೆದ್ದಿದ್ದೇನೆ. ನಮ್ಮ ಸಭೆಯಲ್ಲಿ ಮದುವೆ, ಮಣ್ಣು, ನಾಮಕರಣ ಯಾವುದೇ ಇರಲಿ, ನಾಲ್ಕು ಮಾತು ಆಡಲು ಎಲ್ಲರೂ ಹುಡುಕುವುದು ಆನಂದ ಕಾಕಾನನ್ನೇ. ಮಾತು ನಿಲ್ಲಿಸಲು ಹುಡುಕುವವರೂ ಇದ್ದಾರೆ, ಆ ವಿಷಯ ಇಲ್ಲಿ ಬೇಡ.

ನಮ್ಮ ಸಭೆಯೆಂದರೆ ದೊಡ್ಡ ಕಟ್ಟಡವೇನಲ್ಲ. ಸನತ್‌ನಗರದ ತೆಲುಗು ಸಭೆಯವರ ಆರಾಧನೆ ಮುಗಿದ ಮೇಲೆ, ಮಧ್ಯಾಹ್ನ ಎರಡಕ್ಕೆ, ಅದೇ ಹಾಲಿನಲ್ಲಿ ನಮ್ಮ ಕನ್ನಡ ಆರಾಧನೆ. ಬೀದರ್, ಕಲಬುರಗಿ, ಯಾದಗಿರಿ ಕಡೆಯ ಎಂಬತ್ತು ಮನೆಗಳು. ಆರಾಧನೆ ಮುಗಿದರೆ ಹಿಂದಿನ ಪಡಸಾಲೆಯಲ್ಲಿ ಅನ್ನಮ್ಮ ಕೂರುತ್ತಿದ್ದರು. ಎಪ್ಪತ್ತೊಂದು ವರ್ಷದ ಅನ್ನಮ್ಮ ಒಂದು ಆಸ್ಪತ್ರೆಯಲ್ಲಿ ಆಯಾ ಆಗಿ ದುಡಿದು ನಿವೃತ್ತರಾದವರು, ಓದುಬರಹ ಅಷ್ಟಕ್ಕಷ್ಟೆ. ಮುಂದಿನ ವಾರದ ಸಹಭೋಜನಕ್ಕೆಂದು ಒಂದು ಮೊರದಲ್ಲಿ ತೊಗರಿಬೇಳೆ ಸುರುವಿಕೊಂಡು ಕಲ್ಲು ಆರಿಸುತ್ತಿದ್ದರು. ಮೊರದ ಈ ಕಡೆ ಅವರು, ಆ ಕಡೆ ಒಂದು ಖಾಲಿ ಮಣೆ. ಯಾರಿಗೆ ಒಳಗಿನದು ತಡೆಯಲಾಗದೋ ಅವರು ಬಂದು ಆ ಮಣೆಯ ಮೇಲೆ ಕೂರುತ್ತಿದ್ದರು. ಕೂತವರೂ ಬೇಳೆ ಆರಿಸಬೇಕು, ಅದೊಂದೇ ನಿಯಮ. ಕೈಗೆ ಕೆಲಸ, ಕಣ್ಣು ಕೆಳಗೆ, ಎದುರಿನವರ ಮುಖ ನೋಡುವ ಸಂಕಟವಿಲ್ಲ. ಐದು ನಿಮಿಷ ಬೇಳೆಯ ಸದ್ದು ಮಾತ್ರ. ಆಮೇಲೆ ಮಾತು ಬರುತ್ತಿತ್ತು. ಗಂಡನಿಗೆ ಹೇಳದ್ದು, ಸಭಾಪಾಲಕರಿಗೆ ಹೇಳದ್ದು, ದೇವರಿಗೂ ಹೇಳದ್ದು.

ಅನ್ನಮ್ಮ ಏನು ಹೇಳುತ್ತಿದ್ದರು? ಏನೂ ಇಲ್ಲ. ಒಬ್ಬರಿಗೆ ವರ್ಷಕ್ಕೆ ನಾಲ್ಕು ಮಾತು ಹೇಳಿದರೆ ಹೆಚ್ಚು. “ಹಂಗಂದ್ಮ್ಯಾಲೆ ದೇವರು ಸುಮ್ನಿದ್ದನೇನು?” ಎಂದು ಕೇಳುತ್ತಿದ್ದರು. ಇಲ್ಲವೇ, “ಅದನ್ನ ಅವನಿಗೇ ಕೇಳು, ನನಗ್ಯಾಕ ಕೇಳ್ತಿ?” ಇಷ್ಟೇ. ಜನ ಎದ್ದು ಹೋಗುವಾಗ ಬಂದವರಂತೆ ಇರುತ್ತಿರಲಿಲ್ಲ. ಪೇಟೆಯಲ್ಲಿ ಈಗ ಕಲ್ಲಿಲ್ಲದ ಬೇಳೆ ಪೊಟ್ಟಣದಲ್ಲೇ ಸಿಗುತ್ತದೆ. ಆದರೆ ಅನ್ನಮ್ಮನ ಸಲುವಾಗಿ ನಮ್ಮ ಜನ ಊರಿಗೆ ಹೋದಾಗ ಕಲ್ಲು ಕಡ್ಡಿ ಇರುವ ಬೇಳೆಯನ್ನೇ ಹುಡುಕಿ ತರುತ್ತಿದ್ದರು. ಹೈದರಾಬಾದಿನಲ್ಲಿ ಕಲ್ಲಿದ್ದ ಬೇಳೆಯನ್ನು ಬೇಡಿ ತರಿಸುತ್ತಿದ್ದ ಸಭೆ ನಮ್ಮದೊಂದೇ ಎಂದು ನಾನು ಎದೆ ತಟ್ಟಿ ಹೇಳಬಲ್ಲೆ.

ಮಾನ್ಯರೇ, ತಮ್ಮ ಸುತ್ತೋಲೆಯಲ್ಲಿ ಆತ್ಮಿಕ ಮಾರ್ಗದರ್ಶನ ಎಂದರೇನು ಎಂಬುದಕ್ಕೆ ಅರ್ಧ ಪುಟದ ವಿವರಣೆ ಇದೆ. ಒಬ್ಬರ ಜೀವನದಲ್ಲಿ ದೇವರು ಏನು ಮಾಡುತ್ತಿದ್ದಾನೆ ಎಂಬುದನ್ನು ಅವರೇ ಗುರುತಿಸುವಂತೆ ಜೊತೆಗೆ ಕೂತು ಕೇಳುವ ಸೇವೆ, ಎಂದು ಬರೆದಿದ್ದೀರಿ. ಬಹಳ ಚೆನ್ನಾಗಿದೆ. ಓದಿದಾಗ ನನಗೆ, ಇವರು ಯಾವಾಗ ನಮ್ಮ ಪಡಸಾಲೆಗೆ ಬಂದು ನೋಡಿಕೊಂಡು ಹೋದರು ಎನ್ನಿಸಿತು. ಮುಂದಿನ ಪುಟ ತಿರುವಿದೆ. ಇನ್ನು ಮೇಲೆ ಈ ಸೇವೆಯನ್ನು ತರಬೇತಿ ಪಡೆದು, ಸಂದರ್ಶನದಲ್ಲಿ ತೇರ್ಗಡೆಯಾದವರು ಮಾತ್ರ ಮಾಡತಕ್ಕದ್ದು. ಪ್ರತಿ ಭೇಟಿ ನಲವತ್ತೈದು ನಿಮಿಷ. ಸದಸ್ಯತ್ವ ಸಂಖ್ಯೆ ಕಡ್ಡಾಯ. ಉಳಿದವರು ತಕ್ಷಣ ನಿಲ್ಲಿಸತಕ್ಕದ್ದು. ಕೆರೆ ಎಲ್ಲಿದೆ ಎಂದು ನಕ್ಷೆ ಬರೆದವರೇ ಕೆರೆಗೆ ಬೀಗ ಹಾಕಿದಂತಾಯಿತು.

ಅರ್ಜಿ ಇಂಗ್ಲಿಷಿನಲ್ಲಿತ್ತು, ಹಿಂಬದಿಯಲ್ಲಿ ತೆಲುಗು. ಕನ್ನಡ ಸಭೆಗೆ ಕಳಿಸಿದ ಅರ್ಜಿಯಲ್ಲಿ ಕನ್ನಡ ಎಲ್ಲಿ ಎಂದು ಕೇಳಿದ್ದಕ್ಕೆ ‘ಮುಂದಿನ ಹಂತದಲ್ಲಿ’ ಎಂಬ ಉತ್ತರ ಬಂತು. ನನ್ನ ಅರ್ಜಿ ನಾನೇ ತುಂಬಿದೆ, ಇಂಗ್ಲಿಷಿಗೆ ಪಕ್ಕದ ಮನೆಯ ಅಮೋಲ್ ನೆರವಾದ. ಅನ್ನಮ್ಮನವರದ್ದನ್ನೂ ನಾವೇ ತುಂಬಿದೆವು. ಇಲ್ಲಿ ನನ್ನದೊಂದು ತಪ್ಪಿದೆ. ಬೇರೆಯವರ ತಪ್ಪು ಹೇಳಲು ಹೊರಟವನು ನನ್ನದನ್ನು ನುಂಗುವುದು ಸರಿಯಲ್ಲ.

‘ಈ ಸೇವೆಯಲ್ಲಿ ತಮ್ಮ ಅನುಭವವನ್ನು ವಿವರಿಸಿ’ ಎಂಬ ಕಲಮು ಬಂತು.

“ಅಕ್ಕಾ, ಏನಂತ ಬರೀಲಿ?” ಎಂದೆ.

“ಬ್ಯಾಳಿ ಆರಸ್ತೀನಿ ಅಂತ ಬರಿ.”

“ಅಷ್ಟ ಬರದ್ರ ಹೆಂಗಕ್ಕಾ? ಅವ್ರು ಕೊಂಡಾಪುರದವ್ರು.”

“ಮತ್ತೇನ್ ಮಾಡ್ತೀನೋ ನಾ? ಸುಳ್ಳು ಬರೀಬ್ಯಾಡ.”

ನಾನು ನಗುತ್ತಾ ಹಾಗೇ ಬರೆಸಿದೆ. ಅದರ ಅರ್ಥವನ್ನು ಇನ್ನೆರಡು ಸಾಲಿನಲ್ಲಿ ವಿವರಿಸಬಹುದಿತ್ತು. ವಿವರಿಸಲಿಲ್ಲ. ಏಕೆಂದರೆ ನನ್ನ ಅರ್ಜಿಯಲ್ಲಿ ಅದೇ ಕಲಮಿಗೆ ಬರೆಯುವುದು ಬಹಳ ಇತ್ತು. ‘ಮೂವತ್ತು ವರ್ಷಗಳಿಂದ ನೂರಾರು ಜನರಿಗೆ ಸಲಹೆ ನೀಡಿದ ಅನುಭವ.’ ಸುಳ್ಳಲ್ಲ. ಕೇಳದವರಿಗೂ ಕೊಟ್ಟಿದ್ದೇನೆ.

ತರಬೇತಿ ಆರು ಶನಿವಾರ, ತಮ್ಮ ಎ.ಸಿ. ಹಾಲಿನಲ್ಲಿ. ಸನತ್‌ನಗರದಿಂದ ಎರಡು ಬಸ್ಸು ಬದಲಿಸಿ ನಾನೂ ಅನ್ನಮ್ಮನೂ ಬರುತ್ತಿದ್ದೆವು. ಮೊದಲ ಶನಿವಾರ ‘ಆಲಿಸುವುದು ಹೇಗೆ’ ಎಂಬುದರ ಬಗ್ಗೆ ಒಬ್ಬರು ಮೂರು ಗಂಟೆ ಮಾತಾಡಿದರು. ನಡುವೆ ಒಬ್ಬ ಹೆಂಗಸು ಏನೋ ಕೇಳಲು ಕೈಯೆತ್ತಿದರೆ ‘ಪ್ರಶ್ನೆಗಳು ಕೊನೆಯಲ್ಲಿ’ ಎಂದರು. ಕೊನೆಯಲ್ಲಿ ಊಟದ ಹೊತ್ತಾಗಿತ್ತು. ಆಮೇಲಿನ ವಾರಗಳಲ್ಲಿ ನಟನೆ ಮಾಡಿಸಿದರು, ಒಬ್ಬರು ದುಃಖಿಗಳಂತೆ, ಇನ್ನೊಬ್ಬರು ಮಾರ್ಗದರ್ಶಕರಂತೆ. ನಾನು ಮಾರ್ಗದರ್ಶಕನಾದಾಗ ಇಡೀ ಹಾಲು ಚಪ್ಪಾಳೆ ತಟ್ಟಿತು. ದುಃಖಿಯ ಪಾತ್ರದವರಿಗೆ ಎರಡು ವಾಕ್ಯ ಆಡಲೂ ಬಿಡದೆ ಅವರ ದುಃಖವನ್ನು ಏಳು ನಿಮಿಷದಲ್ಲಿ ಪರಿಹರಿಸಿದ್ದೆ. ಅನ್ನಮ್ಮನ ಸರದಿಯಲ್ಲಿ ಅವರು ಸುಮ್ಮನೆ ಕೂತರು. ಎದುರಿನ ಹುಡುಗಿ “ಆಂಟಿ, ಏದೈನಾ ಮಾಟ್ಲಾಡಂಡಿ”, ಏನಾದರೂ ಮಾತಾಡಿ ಎಂದು ತೆಲುಗಿನಲ್ಲಿ ಹೇಳಿ ನಕ್ಕಳು. ಎಲ್ಲರೂ ನಕ್ಕರು. ನಾನೂ ನಕ್ಕೆ, ಮಾನ್ಯರೇ.

ಇನ್ನು ಸಂದರ್ಶನ. ಪರೀಕ್ಷಕರು ತಾವೇ. ನನ್ನನ್ನು ಹನ್ನೊಂದು ನಿಮಿಷದಲ್ಲಿ ಕಳಿಸಿಕೊಟ್ಟಿರಿ. ಅದರಲ್ಲಿ ಹತ್ತೂವರೆ ನಿಮಿಷ ಮಾತಾಡಿದವನು ನಾನು. ಅನ್ನಮ್ಮ ಒಳಗೆ ಹೋದರು. ಹೊರಗಿನ ಕುರ್ಚಿಯಲ್ಲಿ ನಾನು ಕಾದೆ. ಹತ್ತು ನಿಮಿಷ, ಇಪ್ಪತ್ತು ನಿಮಿಷ, ನಲವತ್ತು ನಿಮಿಷ. ಸರದಿಯಲ್ಲಿದ್ದವರು ಗೊಣಗತೊಡಗಿದರು. ಬಾಗಿಲಾಚೆಯಿಂದ ಒಂದೇ ಧ್ವನಿ ಕೇಳುತ್ತಿತ್ತು, ಅದು ಅನ್ನಮ್ಮನದಲ್ಲ. ಪದಗಳು ಕೇಳಿಸಲಿಲ್ಲ. ಕೇಳಲೆಂದು ಕುರ್ಚಿಯನ್ನು ಬಾಗಿಲ ಹತ್ತಿರ ಎಳೆದುಕೊಂಡಿದ್ದೆ ಎಂಬುದನ್ನೂ ಒಪ್ಪುತ್ತೇನೆ, ಆದರೂ ಕೇಳಿಸಲಿಲ್ಲ. ಭಾಷೆಯ ಲಯ ಮಾತ್ರ ತಿಳಿಯುತ್ತಿತ್ತು. ಮೊದಲು ಇಂಗ್ಲಿಷು. ಸ್ವಲ್ಪ ಹೊತ್ತಿಗೆ ತೆಲುಗು. ಆಮೇಲೆ ನಿಧಾನವಾಗಿ, ತಡೆತಡೆದು, ನಮ್ಮ ಕಡೆಯ ಕನ್ನಡ. ತಮಗೆ ಕನ್ನಡ ಬರುತ್ತದೆ ಎಂದೇ ನಮಗೆ ಗೊತ್ತಿರಲಿಲ್ಲ. ತಾತನ ಕಾಲದಲ್ಲೇ ಸರ್ಕಾರಿ ನೌಕರಿಗೆಂದು ಇಲ್ಲಿಗೆ ಬಂದ ಮನೆತನ ತಮ್ಮದು, ಕನ್ನಡ ಮನೆಯ ಒಳಗೇ ಉಳಿಯಿತು ಎಂದು ಆಮೇಲೆ ಯಾರೋ ಹೇಳಿದರು.

ಬಸ್ಸಿನಲ್ಲಿ ನಾನು ಅನ್ನಮ್ಮನನ್ನು ಬಿಡಲಿಲ್ಲ.

“ಏನ್ ಕೇಳಿದ್ರಕ್ಕಾ, ಇಷ್ಟೊತ್ತು?”

“ಏನೂ ಕೇಳಲಿಲ್ಲ.”

“ಮತ್ತ ನಲವತ್ತು ನಿಮಿಷ?”

ಅನ್ನಮ್ಮ ಕಿಟಕಿಯಾಚೆ ನೋಡಿದರು. “ಪಾಪ” ಎಂದರು. ಅಷ್ಟೇ. ಮೂರು ತಿಂಗಳಿಂದ ಕೆದಕಿ ಕೆದಕಿ ಕೇಳಿದ್ದೇನೆ. ಆ ‘ಪಾಪ’ದ ಮುಂದೆ ಇನ್ನೊಂದು ಅಕ್ಷರ ಅವರ ಬಾಯಿಂದ ಬಂದಿಲ್ಲ. ಬರುವುದೂ ಇಲ್ಲ, ತಾವು ನಿಶ್ಚಿಂತರಾಗಿರಿ.

ಫಲಿತಾಂಶದ ಹಾಳೆ ಬಂತು. ನನ್ನ ಹೆಸರಿನ ಮುಂದೆ: ‘ಪ್ರಥಮ ದರ್ಜೆ. ಉತ್ತಮ ಸಂವಹನ ಕೌಶಲ.’ ಅನ್ನಮ್ಮನ ಹೆಸರಿನ ಮುಂದೆ: ‘ಉತ್ತರಗಳು ದಾಖಲಾಗಿಲ್ಲ. ಸಭೆಯ ಅಡುಗೆ ವಿಭಾಗದಲ್ಲಿ ಸೇವೆಗೆ ಸೂಕ್ತ.’ ಉತ್ತರಗಳು ಹೇಗೆ ದಾಖಲಾಗಬೇಕು, ಮಾನ್ಯರೇ, ಪ್ರಶ್ನೆಗಳನ್ನೇ ಕೇಳದಿದ್ದ ಮೇಲೆ? ತಾವು ಪರೀಕ್ಷಿಸಲು ಕೂತ ಸೇವೆಯನ್ನು ಆ ಮುದುಕಿ ತಮಗೇ ನಲವತ್ತು ನಿಮಿಷ ಮಾಡಿದರು. ಅದನ್ನು ಪಡೆದುಕೊಂಡು, ಕಣ್ಣು ಒರೆಸಿಕೊಂಡೋ ಒರೆಸಿಕೊಳ್ಳದೆಯೋ ನಾನು ನೋಡಿಲ್ಲ, ತಾವು ಅದಕ್ಕೆ ಸೊನ್ನೆ ಅಂಕ ಕೊಟ್ಟಿರಿ. ಅಥವಾ ತಮ್ಮ ಗುಮಾಸ್ತರು ಅರ್ಜಿಯಲ್ಲಿದ್ದ ಬೇಳೆಯನ್ನು ನೋಡಿ ಅಡುಗೆಮನೆಗೆ ದಾರಿ ತೋರಿಸಿದರೋ? ಹಾಗಿದ್ದರೆ ಆ ತಪ್ಪಿನಲ್ಲಿ ನನಗೂ ಪಾಲಿದೆ, ಹೊರುತ್ತೇನೆ. ಆದರೆ ಹಾಳೆಯ ಕೆಳಗಿನ ಸಹಿ ತಮ್ಮದು.

ಅನ್ನಮ್ಮ ಆಸ್ಪತ್ರೆಯಲ್ಲಿ ಮೇಲಿನವರ ಆಜ್ಞೆ ಪಾಲಿಸಿಯೇ ಮೂವತ್ತು ವರ್ಷ ಕಳೆದವರು. ಮೊರವನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ಹೋದರು. ಪಡಸಾಲೆಯ ಪಕ್ಕದ ಕೋಣೆಗೆ ಕಚೇರಿಗಳಲ್ಲಿರುವಂಥ ಗಾಲಿಯ ಕುರ್ಚಿ ಎರಡು ಬಂದವು. ಭೇಟಿಯ ಹೊತ್ತು ಗೊತ್ತುಮಾಡಲು ಫೋನಿನಲ್ಲಿ ಸ್ಕ್ಯಾನ್ ಮಾಡಬೇಕಾದ ಕಪ್ಪು ಚುಕ್ಕಿಗಳ ಚೌಕವೊಂದನ್ನು ಬಾಗಿಲಿಗೆ ಅಂಟಿಸಲಾಯಿತು. ಒಳಗೆ ಬ್ಯಾಡ್ಜು ಹಾಕಿಕೊಂಡು ನಾನು ಕೂತೆ.

ಈಗ ದ್ಯಾವಪ್ಪನ ಸಂಗತಿ. ಯಾದಗಿರಿ ಕಡೆಯವನು, ಕೊಂಡಾಪುರದ ಕಟ್ಟಡಗಳಲ್ಲಿ ಕಾಂಕ್ರೀಟಿಗೆ ಹಲಗೆ ಕಟ್ಟುವ ಸೆಂಟ್ರಿಂಗ್ ಕೆಲಸ. ತಮ್ಮ ಕಚೇರಿಯ ಕಿಟಕಿಯಿಂದ ಅವನು ಕಟ್ಟುತ್ತಿರುವ ಕಟ್ಟಡ ಕಾಣುತ್ತಿರಬಹುದು. ಕಳೆದ ವರ್ಷ ನೆಲಮಾಳಿಗೆಗೆಂದು ಅಗೆದ ಗುಂಡಿಯಲ್ಲಿ ಮಣ್ಣು ಕುಸಿದು ಅವನ ತಮ್ಮ ಸತ್ತ. ದ್ಯಾವಪ್ಪ ನಮ್ಮ ಸಭೆಯ ಸದಸ್ಯನಲ್ಲ, ನಮ್ಮ ಧರ್ಮದವನೂ ಅಲ್ಲ. ಸನತ್‌ನಗರಕ್ಕೆ ಪರಿಚಯದವರ ಮನೆಗೆ ಬಂದವನು ಕನ್ನಡ ಹಾಡು ಕೇಳಿ ಗೇಟಿನ ಬಳಿ ನಿಂತಿದ್ದ. ಅನ್ನಮ್ಮ ಅವನಿಗೆ ಹೆಸರು ಕೇಳಲಿಲ್ಲ, ಸಂಖ್ಯೆ ಕೇಳಲಿಲ್ಲ, ದೇವರು ಯಾವುದೆಂದೂ ಕೇಳಲಿಲ್ಲ. “ಬಾಪಾ, ಕೂಡು” ಎಂದು ಮೊರವನ್ನು ಅವನ ಕಡೆ ಸರಿಸಿದರು. ಏಳೆಂಟು ಭಾನುವಾರ ಬಂದ. ಅವನನ್ನು ಮತಕ್ಕೆ ಸೇರಿಸುವ ಮಾತು ಯಾರೂ ಎತ್ತಲಿಲ್ಲ. ಎತ್ತಿದ್ದರೆ ಅನ್ನಮ್ಮನ ಕೈಯಲ್ಲಿದ್ದ ಕಲ್ಲು ಎತ್ತಿದವನ ಹಣೆಗೆ ಬೀಳುತ್ತಿತ್ತು.

ಇದನ್ನೆಲ್ಲ ಬರೆಯಲು ಅವನ ಒಪ್ಪಿಗೆ ಪಡೆದಿದ್ದೇನೆ. ಅವನ ಹೆಸರನ್ನೂ ಬರೆಯಲು ಹೇಳಿದ್ದು ಅವನೇ.

ಆಗಸ್ಟಿನ ಮೊದಲ ಭಾನುವಾರ ದ್ಯಾವಪ್ಪ ಬಂದಾಗ ಪಡಸಾಲೆ ಖಾಲಿ. ನಿಯಮದ ಪ್ರಕಾರ ನನ್ನ ಕೋಣೆಗೆ ಕಳಿಸಿದರು. ಸದಸ್ಯತ್ವ ಸಂಖ್ಯೆಯ ಜಾಗದಲ್ಲಿ ನನ್ನದನ್ನೇ ಬರೆದು ಒಳಗೆ ಕೂರಿಸಿಕೊಂಡೆ. ಗಾಲಿಯ ಕುರ್ಚಿಯ ತುದಿಯಲ್ಲಿ, ಅದು ಎಲ್ಲಿ ಜಾರುತ್ತದೋ ಎಂಬಂತೆ ಕೂತ. ಕೈಗಳನ್ನು ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ. ನಾನು ಶುರು ಮಾಡಿದೆ. ದುಃಖದ ಬಗ್ಗೆ ಹೇಳಿದೆ. ತರಬೇತಿಯಲ್ಲಿ ಕಲಿತ ಐದು ಹಂತ ಹೇಳಿದೆ. ನನ್ನ ಅಪ್ಪ ಸತ್ತಾಗ ನಾನು ಹೇಗೆ ಇಡೀ ಮನೆಗೆ ಧೈರ್ಯ ತುಂಬಿದೆ ಎಂಬುದನ್ನು ಉದಾಹರಣೆಯಾಗಿ ಹೇಳಿದೆ. ನಲವತ್ತೈದು ನಿಮಿಷಕ್ಕೆ ಸರಿಯಾಗಿ ಮುಗಿಸಿದೆ, ಒಂದು ನಿಮಿಷ ಹೆಚ್ಚಿಲ್ಲ, ಕಡಿಮೆಯಿಲ್ಲ. ಅವನು ಎದ್ದು “ಆತ್ರಿ ಕಾಕಾ” ಎಂದು ಕೈಮುಗಿದು ಹೋದ. ಆ ದಿನ ನಾನು ಮನೆಯಲ್ಲಿ ಹೆಂಡತಿಗೆ, ಇವತ್ತು ಒಬ್ಬನ ಮನಸ್ಸು ಹಗುರ ಮಾಡಿದೆ ಎಂದು ಹೇಳಿಕೊಂಡೆ.

ಮುಂದಿನ ಭಾನುವಾರ ಅವನು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ನಾಲ್ಕು ವಾರ ಕಳೆದ ಮೇಲೆ ಕೊಂಡಾಪುರಕ್ಕೆ ಹೋಗಿ, ಮೂರು ಕಟ್ಟಡ ಸುತ್ತಿ, ಊಟದ ಬಿಡುವಿನಲ್ಲಿ ಅವನನ್ನು ಹಿಡಿದೆ. ಸಿಮೆಂಟಿನ ಚೀಲದ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದ. ನನಗೂ ಅರ್ಧ ಮುರಿದು ಕೊಟ್ಟ.

“ಯಾಕಪಾ, ಬರಾಕತ್ತಿಲ್ಲ? ಸಿಟ್ಟ ಐತೇನು?”

“ಇಲ್ರಿ ಕಾಕಾ. ನೀವು ಭಾಳ ಚೊಲೊ ಮಾತಾಡ್ತೀರಿ.”

“ಮತ್ತ?”

ಅವನು ರೊಟ್ಟಿ ನೋಡುತ್ತಾ ಹೇಳಿದ: “ನಾ ಹೇಳಬೇಕಂತ ಬಂದಿದ್ನಿರಿ. ಅಮ್ಮನ ಮುಂದ ಅರ್ಧಾ ಹೇಳೀನಿ. ಅರ್ಧಾ ಉಳದೈತಿ. ಇಷ್ಟ ದಿನ ಹೊಟ್ಯಾಗ ಇತ್ತು, ಸುಮ್ನ ಇತ್ತು. ಅರ್ಧಾ ಹೇಳಿದ ಮ್ಯಾಲ ಈಗ ಸುಮ್ನ ಇರವಲ್ದು.”

“ನನ್ನ ಮುಂದ ಹೇಳಪಾ. ಒಂದ ಮಾತ ಆಡಂಗಿಲ್ಲ ನಾ.”

ಅವನು ನನ್ನ ಮುಖ ನೋಡಿ, ಪಾಪ, ನಗು ತಡೆದುಕೊಂಡ. “ಬ್ಯಾಡ್ರಿ ಕಾಕಾ. ನಿಮಗ ತ್ರಾಸ ಆಗತೈತಿ.”

ಮಾನ್ಯರೇ, ಅರವತ್ತಾರು ವರ್ಷಗಳಲ್ಲಿ ನನ್ನ ಬಗ್ಗೆ ಯಾರೂ ಇಷ್ಟು ಸಣ್ಣ ಮಾತಿನಲ್ಲಿ ಇಷ್ಟು ಸರಿಯಾದ ತೀರ್ಪು ಕೊಟ್ಟಿಲ್ಲ. ಅಕ್ಟೋಬರ್ ಎರಡನೇ ಭಾನುವಾರ ಕಳೆದ ಕೂಡಲೇ ಅವರ ಗುಂಪು ಕೆಲಸ ಮುಗಿಸಿ ವಿಜಯವಾಡಕ್ಕೆ ಹೋಗುತ್ತದೆ. ಆ ಉಳಿದ ಅರ್ಧ ಏನೆಂದು ನನಗೆ ಗೊತ್ತಿಲ್ಲ, ಗೊತ್ತಾಗಲೂಬಾರದು. ಆದರೆ ಅದನ್ನು ಹೊತ್ತುಕೊಂಡೇ ಅವನು ಹತ್ತನೇ ಮಹಡಿಯ ಹಲಗೆಯ ಮೇಲೆ ನಡೆಯುತ್ತಾನೆ ಎಂಬುದನ್ನು ಕಣ್ಣಾರೆ ನೋಡಿ ಬಂದಿದ್ದೇನೆ.

ನೇರ ಅನ್ನಮ್ಮನ ಮನೆಗೆ ಹೋದೆ. ಒಬ್ಬರೇ ಕೂತು ಬೇಳೆ ಆರಿಸುತ್ತಿದ್ದರು. “ಅಕ್ಕಾ, ಅವನ್ನ ಇಲ್ಲೇ ಕರ್ಕೊಂಡ ಬರ್ತೀನಿ” ಎಂದೆ. ಒಪ್ಪಲಿಲ್ಲ. “ಸಭಾದವ್ರು ಬ್ಯಾಡ ಅಂದಾರ. ಕದ್ದು ಮಾಡೂದಲ್ಲೋ ಇದು. ಕದ್ದು ಕೇಳಿದ್ರ ಅವನೂ ಕದ್ದ ಹೇಳ್ತಾನ.” ನನಗೆ ವಾದಕ್ಕೆ ಹತ್ತು ಮಾತು ಹೊಳೆದವು. ಆದರೆ ಅರ್ಜಿಯ ನೆನಪಾಗಿ, ಎದುರಿನ ಮಣೆಯ ಮೇಲೆ ಕೂತು, ಮೊದಲ ಸಲ ನಾನೂ ಬೇಳೆಗೆ ಕೈ ಹಾಕಿದೆ. ಆ ಕಲಮಿನಲ್ಲಿ ನಾನು ಬೇಕೆಂದೇ ಬರೆಸದೆ ಬಿಟ್ಟದ್ದನ್ನು ಹೇಳಿದೆ. ಹೇಳಲು ಬಹಳ ಹೊತ್ತು ಹಿಡಿಯಿತು, ನನಗೇ ಆಶ್ಚರ್ಯ. ಅನ್ನಮ್ಮ ಕೇಳಿಸಿಕೊಂಡರು. ಕೊನೆಗೆ, “ಕಲ್ಲು ಈ ಕಡೆ ಹಾಕು, ಬ್ಯಾಳ್ಯಾಗ ಹಾಕಾಕತ್ತಿ” ಎಂದರು.

ತಮ್ಮ ಕಚೇರಿಯಿಂದ ಹೋದ ವಾರ ಇನ್ನೊಂದು ಹಾಳೆ ಬಂದಿದೆ: ‘ಆತ್ಮಿಕ ಮಾರ್ಗದರ್ಶನ ಸೇವೆಯ ಭವಿಷ್ಯದ ಬಗ್ಗೆ ತಮ್ಮ ನಿರೀಕ್ಷೆಗಳೇನು? ಇನ್ನೂರು ಪದಗಳಲ್ಲಿ ಬರೆಯಿರಿ.’ ಇನ್ನೂರು ಪದ ನನಗೆ ಸೀನುವುದಕ್ಕೂ ಸಾಲದು. ಆದರೂ ನಿರೀಕ್ಷೆ ಹೇಳುತ್ತೇನೆ. ಈ ಸೇವೆಗೆ ಭವಿಷ್ಯ ಇದ್ದರೆ ಅದು ಎ.ಸಿ. ಹಾಲಿನಿಂದ ಹೊರಟು ಪಡಸಾಲೆಗೆ ಬರಬೇಕು. ತರಬೇತಿ ಬೇಡ ಎನ್ನುವ ಮೊಂಡ ನಾನಲ್ಲ, ಲೇತ್ ಕಲಿಯಲು ನನಗೂ ಎರಡು ವರ್ಷ ಬೇಕಾಯಿತು. ಆದರೆ ಕಲಿಸುವವರಿಗೇ ಕಲಿಸಬಲ್ಲವರು ನಮ್ಮ ಸಭೆಗಳಲ್ಲಿ ಯಾರಿದ್ದಾರೆ ಎಂದು ಮೊದಲು ಹುಡುಕಬೇಕಿತ್ತಲ್ಲವೇ? ಕೊಂಡಾಪುರದ ಐ.ಟಿ. ಕಂಪನಿಗಳಲ್ಲಿ ಕೆಲಸ ಮಾಡುವ ನಮ್ಮ ಓದಿದ ಹುಡುಗ ಹುಡುಗಿಯರಿಗೂ ಹೇಳಲಾಗದ ಅರ್ಧಗಳಿವೆ. ಫೋನು ಕೆಳಗಿಟ್ಟು ಕೈಗೆ ಬೇಳೆ ಕೊಟ್ಟು ನೋಡಿ. ಮನುಷ್ಯ ದೇವರ ಹತ್ತಿರ ತನ್ನ ತಾಯಿಯ ಭಾಷೆಯಲ್ಲೇ ಸಿಟ್ಟು ಮಾಡುತ್ತಾನೆ, ಆ ಭಾಷೆ ಅರ್ಜಿಯಲ್ಲೂ ಇರಲಿ. ಇನ್ನು, ಚೆನ್ನಾಗಿ ಮಾತಾಡುವವರನ್ನು ಈ ಸೇವೆಗೆ ಸೇರಿಸುವ ಮುನ್ನ ಎರಡು ಸಲ ಯೋಚಿಸಿ. ಅನುಭವಸ್ಥನ ಮಾತು ಇದು.

ನನ್ನ ಬೇಡಿಕೆ ಒಂದೇ ಸಾಲಿನದು. ತಮ್ಮ ಕಚೇರಿಯ ಹಾಳೆಯಲ್ಲಿ, ಕನ್ನಡದಲ್ಲಿ, ‘ಅನ್ನಮ್ಮನವರು ಮೊದಲಿನಂತೆ ಪಡಸಾಲೆಯಲ್ಲಿ ಕೂರಬಹುದು’ ಎಂದು ಬರೆದು ಸಹಿ ಹಾಕಿ. ಅಕ್ಟೋಬರ್ ಎರಡನೇ ಭಾನುವಾರ ಮಧ್ಯಾಹ್ನ ಮೂರು ಗಂಟೆಯೊಳಗೆ ಅದು ನಮಗೆ ತಲುಪಬೇಕು. ದ್ಯಾವಪ್ಪನನ್ನು ಕರೆತರುವ ಹೊಣೆ ನನ್ನದು. ಅವನು ಕೂತ ಮೇಲೆ ನಾನು ಗೇಟಿನ ಹೊರಗೆ ಇರುತ್ತೇನೆ, ಕುರ್ಚಿ ಎಳೆದುಕೊಳ್ಳುವುದಿಲ್ಲ.

ಅಂಚೆಯ ಮೇಲೆ ತಮಗೆ ನಂಬಿಕೆ ಇಲ್ಲದಿದ್ದರೆ ಪತ್ರವನ್ನು ತಾವೇ ತರಬಹುದು. ಸಂದರ್ಶನದ ದಿನ ಬಾಗಿಲಾಚೆ ನಲವತ್ತು ನಿಮಿಷ ಕೇಳಿ, ಕೊನೆಗೆ ಕನ್ನಡಕ್ಕೆ ತಿರುಗಿದ ಧ್ವನಿ, ಹೊರಗೆ ಕಾಯುತ್ತಿದ್ದವರು ಬಾಗಿಲು ಬಡಿದದ್ದರಿಂದ ನಡುವೆಯೇ ನಿಂತಿತು. ಬಡಿದವರಲ್ಲಿ ಮೊದಲಿಗ ನಾನು, ಕ್ಷಮಿಸಬೇಕು. ತಮ್ಮದೂ ಅರ್ಧ ಉಳಿದಿದ್ದರೆ, ದ್ಯಾವಪ್ಪ ಎದ್ದ ಮೇಲೆ ಆ ಮಣೆ ಖಾಲಿ ಇರುತ್ತದೆ. ಬೇಳೆ ಸಾಕಷ್ಟಿದೆ. ಕಲ್ಲೂ ಇದೆ.

ಇಂತಿ,
ತಮ್ಮಿಂದ ಪ್ರಥಮ ದರ್ಜೆ ಪಡೆದು, ಸಿಮೆಂಟು ಚೀಲದ ಮೇಲೆ ಕೂತವನಿಂದ ಫೇಲಾದ,
ಆನಂದಕುಮಾರ
(ಏಳನೆಯ ತರಗತಿ ಪಾಸು, ಬೇಳೆ ಆರಿಸುವುದು ಅಭ್ಯಾಸದಲ್ಲಿದೆ)
ಸನತ್‌ನಗರ